ಬೋಲ್ಟಿನ ಮೇಲಿನ ಹಳದಿ ಗೆರೆ

—ಬಾನೆಟ್ ಎತ್ತಲಾ ಸಾರ್? ಇಂಜಿನ್ ಶಬ್ದ ಒಂದ್ಸಲ ಕೇಳಿಬಿಡಿ. ನಿನ್ನೆಯಷ್ಟೇ ತಂದೆ. 1990ರ ಮಾಜ್ದಾ ಮಿಯಾಟಾ. ಬಿಸಿಲಿಗೆ ಕೆಂಪು ಬಣ್ಣ ಸ್ವಲ್ಪ ಮಂಕಾಗಿದೆ, ಅಷ್ಟೇ.

—ಬಾನೆಟ್ ಇರಲಿ. ಆ ಟಾರ್ಚ್ ಕೊಡು. ಬಾಗಿಲ ಕೆಳಗೆ, ಹಿಂದಿನ ಚಕ್ರಕ್ಕೆ ಒಂದು ಗೇಣು ಮುಂದೆ, ಇಲ್ಲಿ ಬೆರಳಲ್ಲಿ ಒತ್ತಿ ನೋಡು. ಬಣ್ಣ ಉಬ್ಬಿದೆಯಾ?

—ಇಲ್ಲ, ಗಟ್ಟಿಯಾಗಿದೆ.

—ಆ ಪಕ್ಕ?

—ಇಲ್ಲಿ ಒಂದು ಬೊಕ್ಕೆ ಎದ್ದಿದೆ. ಚಿಕ್ಕದು, ಕಡಲೆಕಾಳಿನಷ್ಟು.

—ಹೊರಗೆ ಕಡಲೆಕಾಳಿನಷ್ಟಿದ್ದರೆ ಒಳಗೆ ಅಂಗೈ ಅಗಲ ಇರುತ್ತೆ ಅಂದುಕೋ. ಈ ಗಾಡಿಯ ಬಟ್ಟೆ ಚಾವಣಿ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿರುವ ಎರಡು ಕೊಳವೆಗಳಲ್ಲಿ ಇಳಿದು ಹೊರಗೆ ಹೋಗಬೇಕು. ಮೂವತ್ತು ವರ್ಷದಲ್ಲಿ ಎಲೆ, ಧೂಳು ಸೇರಿ ಆ ಕೊಳವೆ ಕಟ್ಟಿಕೊಳ್ಳುತ್ತೆ. ನೀರು ಒಳಗೇ ನಿಂತು ತಗಡನ್ನು ತಿನ್ನುತ್ತಾ ಕೂರುತ್ತೆ. ನಾಳೆ ನಿನ್ನ ತಲೆ ಕಾಯುವ ಕಬ್ಬಿಣದ ಪಂಜರವನ್ನ ಬೆಸೆಯಬೇಕಾಗಿರೋದು ಇದೇ ತಗಡಿಗೆ. ಇಂಜಿನ್ ಕೆಟ್ಟರೆ ಇನ್ನೊಂದು ತಂದು ಕೂರಿಸಬಹುದು. ಮೈ ಕೊಳೆತ ಗಾಡಿಗೆ ಏನೂ ಮಾಡೋಕಾಗಲ್ಲ.

—ಹಾಗಾದ್ರೆ ನಾನು ಮೋಸ ಹೋದೆನಾ?

—ಇಲ್ಲ ಬಿಡು. ಇಷ್ಟು ತುಕ್ಕನ್ನ ಕತ್ತರಿಸಿ ತೆಗೆದು ಹೊಸ ತಗಡು ಹಾಕಬಹುದು. ಹಿಮ ಬೀಳುವ ಕಡೆಯ ಗಾಡಿಗಳಿಗೆ ರಸ್ತೆಗೆ ಸುರಿಯೋ ಉಪ್ಪು ಹತ್ತಿ ನೆಲವೇ ಉದುರಿರುತ್ತೆ. ಕ್ಯಾಲಿಫೋರ್ನಿಯಾದ ಗಾಡಿ ಆ ಮಟ್ಟಿಗೆ ಪುಣ್ಯ ಮಾಡಿದೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ರೇಸಿಗೆ ಅಂತ ಯಾರೋ ಆಗಲೇ ಕಟ್ಟಿ, ಎರಡು ಮೂರು ಸೀಸನ್ ಓಡಿಸಿ ಮಾರುತ್ತಿರೋ ಗಾಡಿ ಕೊಂಡಿದ್ದರೆ ನಿನಗೆ ಅರ್ಧ ದುಡ್ಡು ಉಳಿಯುತ್ತಿತ್ತು. ಪಂಜರ, ಸೀಟು, ಬೆಲ್ಟು ಎಲ್ಲ ಅದರಲ್ಲೇ ಬಂದಿರುತ್ತಿತ್ತು. ಜೊತೆಗೆ ಲಾಗ್‌ಬುಕ್ ಕೂಡ. ಪ್ರತಿ ರೇಸಿನ ತಪಾಸಣೆ, ಎಲ್ಲಿ ಗುದ್ದಿಕೊಂಡಿತು, ಏನು ರಿಪೇರಿ ಆಗಬೇಕು ಅಂತ ಅಧಿಕಾರಿಗಳು ಬರೆದಿರೋ ಪುಸ್ತಕ ಅದು. ಒಂದು ಗಾಡಿಯ ಜಾತಕ ಅನ್ನು. ಅದನ್ನ ಓದಿಯೇ ಕೊಳ್ಳಬೇಕೋ ಬೇಡವೋ ಹೇಳಬಹುದು.

—ಗೊತ್ತು ಸಾರ್, ಎಲ್ಲರೂ ಅದನ್ನೇ ಹೇಳಿದರು. ನನಗೆ ನನ್ನ ಕೈಯಾರೆ ಕಟ್ಟಬೇಕು ಅಂತ ಆಸೆ. ಬೆಂಗಳೂರಲ್ಲಿ ಅಪ್ಪನ ಸ್ಕೂಟರ್ ಬಿಚ್ಚಿದ್ದು ಬಿಟ್ಟರೆ ನಾನು ಯಾವ ಗಾಡಿಯನ್ನೂ ಪೂರ್ತಿ ಬಿಚ್ಚಿಲ್ಲ. ಇಲ್ಲಿ ದಿನವಿಡೀ ಪರದೆ ಮುಂದೆ ಕೂತು ಕೆಲಸ ಮಾಡ್ತೀನಿ. ಸಂಜೆ ಕೈಗೆ ಗ್ರೀಸ್ ಹತ್ತೋ ಕೆಲಸ ಒಂದು ಬೇಕು.

—ಅದು ಒಳ್ಳೆಯ ಕಾರಣ. ದುಡ್ಡಿನ ಲೆಕ್ಕಕ್ಕಿಂತ ದೊಡ್ಡದು. ಕಟ್ಟೋಣ ಹಾಗಾದ್ರೆ.

—ಮೊದಲು ಟರ್ಬೊ ಹಾಕೋಣ ಅಂತಿದ್ದೆ. 1.6 ಲೀಟರ್ ಇಂಜಿನ್, 116 ಹಾರ್ಸ್‌ಪವರ್. ಇವತ್ತಿನ ಕಾಲಕ್ಕೆ ಅದು ಏನೇನೂ ಅಲ್ಲ.

—ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂದ ಹಾಗಾಯ್ತು. ಮೂವತ್ತು ವರ್ಷ ದಾಟಿದ ರಬ್ಬರ್ ಪೈಪು, ಯಾವ ಕಾಲದ್ದೋ ಗೊತ್ತಿಲ್ಲದ ಬ್ರೇಕ್ ಫ್ಲೂಯಿಡ್, ಅದರ ಮೇಲೆ ಟರ್ಬೊ! ನೀನು ಸೇರಬೇಕು ಅಂತಿರೋದು ಸ್ಪೆಕ್ ಮಿಯಾಟಾ ವರ್ಗಕ್ಕೆ ತಾನೆ? ಅಲ್ಲಿ ಟರ್ಬೊಗೆ ಜಾಗವೇ ಇಲ್ಲ. ಎಲ್ಲರಿಗೂ ಒಂದೇ ಥರದ ಸ್ಪ್ರಿಂಗು, ಒಂದೇ ಥರದ ಶಾಕ್, ಒಂದೇ ಟೈರು. 1994ರಿಂದ ಬಂದ 1.8 ಲೀಟರ್ ಗಾಡಿಗಳ ಶಕ್ತಿ ಹೆಚ್ಚು ಅಂತ ಅವುಗಳ ಗಾಳಿ ದಾರಿಗೆ ತೂತಿನ ತಗಡು ಹಾಕಿ ಉಸಿರು ಕಟ್ಟಿಸ್ತಾರೆ, ಹಳೆಯ 1.6ಕ್ಕೆ ಸಮ ಆಗಲಿ ಅಂತ. ಗೆಲುವು ಜೇಬಿನಿಂದ ಬರಬಾರದು ಅನ್ನೋದು ಅದರ ಉದ್ದೇಶ. ಪೂರ್ತಿ ಸಾಧ್ಯವಾಗಿಲ್ಲ, ಆದರೂ ಬೇರೆ ವರ್ಗಗಳಿಗಿಂತ ಎಷ್ಟೋ ವಾಸಿ.

—ಅಷ್ಟೊಂದು ಜನ ಇದನ್ನೇ ಯಾಕೆ ಹಿಡಿದುಕೊಂಡಿದ್ದಾರೆ?

—ಮೊದಲಿಂದಲೂ ಇದು ಹಗುರ ಗಾಡಿ. 1989ರ ಫೆಬ್ರವರಿಯಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಇದನ್ನ ತೋರಿಸಿದಾಗ ತೂಕ ಒಂದು ಟನ್ನಿಗೂ ಕಮ್ಮಿ. ಇಂಜಿನ್ ಮುಂದೆ, ಓಡಿಸೋದು ಹಿಂದಿನ ಚಕ್ರ, ಮುಂದಕ್ಕೂ ಹಿಂದಕ್ಕೂ ಹೆಚ್ಚುಕಮ್ಮಿ ಸಮ ತೂಕ. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್. ಕೆಳಗೆ ಮಲಗಿ ನೋಡಿದರೆ ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್‌ಗೂ ಒಂದು ಅಲ್ಯೂಮಿನಿಯಂ ತೊಲೆ ಸೇತುವೆ ಹಾಗೆ ಕಟ್ಟಿರೋದು ಕಾಣುತ್ತೆ. ಇಂಜಿನ್ನಿನಿಂದ ಹಿಂದಿನ ಚಕ್ರದವರೆಗೆ ಎಲ್ಲ ಒಂದೇ ಬೆನ್ನುಮೂಳೆ ಆದ ಹಾಗೆ. ಅದಕ್ಕೇ ಆಕ್ಸಿಲರೇಟರ್ ಮುಟ್ಟಿದ ಕೂಡಲೇ ಹಿಂದಿನ ಚಕ್ರ ಓಗೊಡುತ್ತೆ. ಇದನ್ನ ರೂಪಿಸಿದ ತಂಡದ ಮುಖ್ಯಸ್ಥ ತೋಶಿಹಿಕೊ ಹಿರಾಯಿ ಹಿಡಿದುಕೊಂಡಿದ್ದ ಮಾತು ‘ಜಿಂಬಾ ಇತ್ತಾಯ್’. ಸವಾರ, ಕುದುರೆ ಬೇರೆ ಬೇರೆ ಅಲ್ಲ ಅಂತ. ಸರಿ, ಈಗ ಬಾನೆಟ್ ಎತ್ತು. ಸ್ಟಾರ್ಟ್ ಮಾಡು, ಐಡ್ಲಿಂಗ್‌ನಲ್ಲಿ ಬಿಡು.

—ಕೇಳಿ ಸಾರ್, ಎಷ್ಟು ನಯವಾಗಿದೆ!

—ಕೇಳೋದು ಬೇಡ, ನೋಡು. ಮುಂದೆ ಕೆಳಗಡೆ ತಿರುಗ್ತಿರೋ ಪುಲಿ ಇದೆಯಲ್ಲ, ಅದರ ಅಂಚನ್ನೇ ನೋಡ್ತಾ ಇರು. ನೆಟ್ಟಗೆ ತಿರುಗ್ತಿದೆಯಾ, ಓಲಾಡ್ತಿದೆಯಾ?

—ನೆಟ್ಟಗೇ ಇದೆ ಅನ್ನಿಸುತ್ತೆ.

—ಆಫ್ ಮಾಡು. ಈಗ ಪುಲಿಯಲ್ಲಿ ಎಷ್ಟು ಸೀಳುಗಳಿವೆ ಎಣಿಸು.

—ನಾಲ್ಕು.

—ಅಂದುಕೊಂಡೆ. 1991ರ ನಡುವಿನವರೆಗೆ ಬಂದ ಇಂಜಿನ್ನುಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಮೂತಿ ಗಿಡ್ಡ. ಆಮೇಲೆ ಮಾಜ್ದಾದವರು ಅದನ್ನ ದಪ್ಪ, ಉದ್ದ ಮಾಡಿದರು. ಆ ಪುಲಿಗೆ ಎಂಟು ಸೀಳು. ನಿನ್ನದು ಗಿಡ್ಡ ಮೂತಿಯದು. ಟೈಮಿಂಗ್ ಬೆಲ್ಟ್ ಬದಲಾಯಿಸುವಾಗ ಈ ನಡುವಿನ ದೊಡ್ಡ ಬೋಲ್ಟ್ ಬಿಚ್ಚಬೇಕಾಗುತ್ತೆ. ಮತ್ತೆ ಕೂರಿಸುವಾಗ ಅಳತೆ ನೋಡದೆ ಬಿಗಿದರೆ ಒಳಗಿನ ಹಲ್ಲುಗಾಲಿ ಕೂದಲೆಳೆಯಷ್ಟು ಅಲುಗುತ್ತೆ. ಸಾವಿರಾರು ಮೈಲಿ ಹೀಗೇ ಅಲುಗಿ ಅಲುಗಿ ಅದನ್ನ ಹಿಡಿದಿರೋ ಕೀಲಿಯ ತೋಡು ಸವೆಯುತ್ತೆ, ಟೈಮಿಂಗ್ ಜರುಗುತ್ತೆ. ಶಕ್ತಿ ಯಾಕೆ ಇಳೀತು ಅಂತ ಸ್ಪಾರ್ಕ್ ಪ್ಲಗ್ ಬದಲಾಯಿಸಿ, ಪೆಟ್ರೋಲ್ ಪಂಪ್ ಬದಲಾಯಿಸಿ ಜನ ಹೈರಾಣಾಗ್ತಾರೆ. ಕೊನೆಗೆ ಕ್ರ್ಯಾಂಕೇ ಹೋಗುತ್ತೆ. ಕಾರಣ ಒಂದು ಬೋಲ್ಟು, ಯಾರೋ ಅವಸರದಲ್ಲಿ ಬಿಗಿದದ್ದು.

—ಈಗ ಏನು ಮಾಡೋಣ?

—ಬಿಚ್ಚಿ ಒಳಗೆ ನೋಡೋಣ. ಸವೆದಿಲ್ಲದಿದ್ದರೆ ಹೊಸ ಕೀಲಿ, ಹೊಸ ಬೋಲ್ಟು, ಟಾರ್ಕ್ ರೆಂಚಿನ ಅಳತೆ. ಸವೆದಿದ್ದರೆ ಎಂಟು ಸೀಳಿನ ಇಂಜಿನ್ ಹುಡುಕೋಣ. ಹೇಗೂ ಬಿಚ್ಚಿರ್ತೀವಲ್ಲ, ಬೆಲ್ಟು, ವಾಟರ್ ಪಂಪು, ಸೀಲುಗಳು ಎಲ್ಲ ಹೊಸದು. ಇನ್ನು ಇಂಜಿನ್ನಿನ ಹಿಂಭಾಗಕ್ಕೆ ಕೈ ಹಾಕು, ಅಲ್ಲಿ ಗೋಡೆ ಕಡೆಗೆ. ಏನು ಹತ್ತಿತು?

—ಎಣ್ಣೆ. ಜಿಡ್ಡು ಜಿಡ್ಡು.

—ಕ್ಯಾಮ್ ಆಂಗಲ್ ಸೆನ್ಸರ್ ಕೂತಿರೋ ಜಾಗ ಅದು. ಅದರ ಸುತ್ತ ಒಂದು ರಬ್ಬರ್ ಉಂಗುರ ಇದೆ. ಬೆಲೆ ಎಲ್ಲೋ ಕೆಲವು ಡಾಲರ್. ಬಿಸಿಗೆ ಅದು ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾಗಿ ಸಣ್ಣಗೆ ಎಣ್ಣೆ ಬಿಡೋಕೆ ಶುರುಮಾಡುತ್ತೆ. ಬದಲಾಯಿಸೋಕೆ ಕೈ ತೂರಲ್ಲ, ಅದಕ್ಕೇ ಯಾರೂ ಮುಟ್ಟಿರಲ್ಲ.

—ಇಷ್ಟು ಸಣ್ಣ ಸೋರಿಕೆ ಮನೆ ಮುಂದೆ ನಿಲ್ಲಿಸಿದಾಗ ಒಂದು ಹನಿಯೂ ಬೀಳಲ್ಲ ಸಾರ್.

—ಮನೆ ಮುಂದೆ ಬೀಳಲ್ಲ. ಆ ವಿಷಯಕ್ಕೆ ಆಮೇಲೆ ಬರ್ತೀನಿ, ಮರೆಯಲ್ಲ. ಬ್ರೇಕ್ ಫ್ಲೂಯಿಡ್ ಡಬ್ಬಿ ಮುಚ್ಚಳ ತೆಗಿ.

—ಕಾಫಿ ಡಿಕಾಕ್ಷನ್ ಥರ ಇದೆ.

—ಹೊಸದು ಜೇನಿನ ಹಾಗಿರಬೇಕು, ತಿಳಿಯಾಗಿ. ಈ ದ್ರವಕ್ಕೆ ಗಾಳಿಯ ತೇವ ಹೀರೋ ಗುಣ ಇದೆ. ಹೊಸ ಡಾಟ್ 4 ಫ್ಲೂಯಿಡ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ನೀರು ಹೀರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತೆ. ಡಾಟ್ 3 ಆದರೆ 205 ಹೋಗಿ 140. ಊರೊಳಗೆ ಓಡಿಸುವಾಗ ಅಷ್ಟು ಬಿಸಿ ಏರಲ್ಲ. ಟ್ರ್ಯಾಕಿನಲ್ಲಿ ಪ್ರತಿ ಸುತ್ತಿನಲ್ಲೂ ನಾಲ್ಕೈದು ಕಡೆ ಪೂರ್ತಿ ಬಲದಿಂದ ಬ್ರೇಕ್ ತುಳೀತೀಯ, ಆರಲು ಬಿಡುವಿಲ್ಲ. ಫ್ಲೂಯಿಡ್ ಕುದಿದರೆ ಪೈಪಿನಲ್ಲಿ ಆವಿ. ದ್ರವವನ್ನ ಹಿಂಡೋಕಾಗಲ್ಲ, ಆವಿಯನ್ನ ಹಿಂಡಬಹುದು. ಪೆಡಲ್ ತುಳಿದರೆ ಆವಿ ಹಿಂಡಿಕೊಳ್ಳುತ್ತೆ, ಚಕ್ರ ನಿಲ್ಲಲ್ಲ.

—ನಿಮಗೆ ಆಗಿದೆಯಾ?

—ಆಗಿದೆ. ಥಂಡರ್‌ಹಿಲ್‌ನಲ್ಲಿ, ವಿಲೋಸ್ ಊರಿನ ಹತ್ತಿರ. ಮೂರು ಮೈಲಿ ಟ್ರ್ಯಾಕು, ಹದಿನೈದು ತಿರುವು, ಸುತ್ತ ಬೋಳು ಗುಡ್ಡ. ಹಿಂದಿನ ವಾರ ಒಂದು ಗ್ಯಾರೇಜಿಗೆ ಕೊಟ್ಟು ಫ್ಲೂಯಿಡ್ ಬದಲಾಯಿಸಿ ಅಂದಿದ್ದೆ. ಬಿಲ್ಲಿನಲ್ಲಿ ಬದಲಾಯಿಸಿದೆ ಅಂತಲೇ ಇತ್ತು. ಡಬ್ಬಿಯಲ್ಲಿದ್ದದ್ದನ್ನ ಹೀರಿ ತೆಗೆದು ಮೇಲೆ ಹೊಸದು ಸುರಿದಿದ್ದರು, ಪೈಪುಗಳಲ್ಲಿ, ಕ್ಯಾಲಿಪರ್‌ನಲ್ಲಿ ಹಳೆಯದೇ ಉಳಿದಿತ್ತು. ನೇರ ದಾರಿಯ ಕೊನೆಯಲ್ಲಿ ಬ್ರೇಕ್ ತುಳಿದೆ, ಪಾದ ಸೀದಾ ನೆಲಕ್ಕೆ ಹೋಯ್ತು. ಆ ಕ್ಷಣದಲ್ಲಿ ಕಾಲಡಿ ಏನೂ ಇರಲ್ಲ, ಕತ್ತಲಲ್ಲಿ ಮೆಟ್ಟಿಲು ಇದೆ ಅಂತ ಕಾಲಿಟ್ಟ ಹಾಗೆ. ಎರಡು ಸಲ ಪಂಪ್ ಮಾಡಿದೆ, ಗೇರ್ ಇಳಿಸಿದೆ, ಟ್ರ್ಯಾಕಿನ ಹೊರಗೆ ಒಣಹುಲ್ಲಿನಲ್ಲಿ ತುಂಬ ದೂರ ಹೋಗಿ ನಿಂತೆ. ಗಾಡಿಗೆ ಏನೂ ಆಗಲಿಲ್ಲ. ಅವತ್ತಿನಿಂದ ಬ್ರೇಕಿನ ಕೆಲಸ ಇನ್ನೊಬ್ಬರಿಗೆ ಕೊಟ್ಟಿಲ್ಲ. ನೀನು ಪೆಡಲ್ ತುಳಿ, ನಾನು ನಟ್ ಬಿಚ್ತೀನಿ. ನಾಲ್ಕೂ ಚಕ್ರದಲ್ಲಿ ತಿಳಿ ದ್ರವ ಬರೋವರೆಗೂ.

—ಇವತ್ತೇ?

—ಇವತ್ತೇ. ರಬ್ಬರ್ ಹೋಸ್‌ಗಳನ್ನೂ ಇವತ್ತೇ ತೆಗೀಬೇಕು. ಸ್ಟೀಲ್ ಹೆಣಿಗೆಯವು ಆ ಡಬ್ಬದಲ್ಲಿವೆ.

—ಒಳಗಿನ ಕಾರ್ಪೆಟ್, ಸೀಟು ಎಲ್ಲ ನಾನೇ ಕಿತ್ತು ಹಾಕ್ತೀನಿ. ನೆಲಕ್ಕೆ ಅಂಟಿರೋ ಕರೀ ಟಾರು ಮಾತ್ರ ಬರ್ತಿಲ್ಲ. ಉಳಿಯಲ್ಲಿ ಕೆತ್ತಿದರೆ ಅಂಟಂಟಾಗುತ್ತೆ.

—ಡ್ರೈ ಐಸ್ ತಗೊಂಡು ಬಾ. ಪುಡಿ ಮಾಡಿ ಟಾರಿನ ಮೇಲೆ ಹರಡಿ ಹತ್ತು ನಿಮಿಷ ಬಿಡು. ಟಾರು ಗಾಜಿನ ಹಾಗೆ ಆಗುತ್ತೆ, ಸುತ್ತಿಗೆಯಲ್ಲಿ ಸುಮ್ಮನೆ ತಟ್ಟಿದರೆ ಹಪ್ಪಳ ಮುರಿದ ಹಾಗೆ ಚೂರು ಚೂರಾಗಿ ಏಳುತ್ತೆ. ದಪ್ಪ ಗ್ಲೌಸ್ ಹಾಕು, ಗ್ಯಾರೇಜಿನ ಬಾಗಿಲು ತೆರೆದಿಡು. ಆ ಗ್ಯಾಸ್ ನೆಲದಲ್ಲೇ ತುಂಬಿಕೊಳ್ಳುತ್ತೆ. ಗಾಡಿಯೊಳಗೆ ತಲೆ ಬಗ್ಗಿಸಿ ಹೆಚ್ಚು ಹೊತ್ತು ಇರಬೇಡ.

—ಆಮೇಲೆ ಪಂಜರ.

—ಹೌದು. ಈ ತೂಕದ ಗಾಡಿಗೆ ಒಂದೂವರೆ ಇಂಚು ದಪ್ಪದ ಕೊಳವೆ, ಗೋಡೆ 0.095 ಇಂಚು. ಬೆಸೆಯೋ ಕೆಲಸ ನಾನೂ ಮಾಡಲ್ಲ, ನೀನೂ ಮಾಡಬೇಡ. ಕೈಯಾರೆ ಕಟ್ಟೋ ಆಸೆಗೆ ಒಂದು ಗಡಿ ಇರಬೇಕು, ಅದು ಇಲ್ಲಿದೆ. ಅದನ್ನೇ ಕಸುಬು ಮಾಡಿಕೊಂಡವನ ಹತ್ತಿರ ಹೋಗೋಣ. ಹೋಗುವಾಗ ನಿನ್ನ ಸೀಟು, ನಿನ್ನ ಹೆಲ್ಮೆಟ್ಟು ಜೊತೆಗೇ ತರಬೇಕು. ನೀನು ಕೂತ ಮೇಲೇ ಅವನು ಅಳತೆ ತಗೋಬೇಕು. ತಲೆಗೂ ಕಬ್ಬಿಣಕ್ಕೂ ನಡುವೆ ಎಷ್ಟು ಜಾಗ, ಬೆಲ್ಟು ಭುಜದಿಂದ ಯಾವ ಕೋನದಲ್ಲಿ ಹಿಂದಕ್ಕೆ ಹೋಗುತ್ತೆ, ಎಲ್ಲ ಅದರ ಮೇಲೆ ನಿಂತಿದೆ. ಸ್ಟೀರಿಂಗಿನ ಏರ್‌ಬ್ಯಾಗ್ ಹೋಗಬೇಕು. ಬೆಲ್ಟಿನ ಮೇಲೆ ತಾರೀಕಿನ ಚೀಟಿ ಹೊಲಿದಿರ್ತಾರೆ, ಅದು ಮುಗಿದ ಮೇಲೆ ಎಷ್ಟೇ ಹೊಸದಾಗಿ ಕಂಡರೂ ತಪಾಸಣೆಯಲ್ಲಿ ಬಿಡಲ್ಲ. ನೈಲಾನ್, ಪಾಲಿಯೆಸ್ಟರ್ ಎರಡೂ ಬಿಸಿಲಿಗೆ ಸೋಲುತ್ತವೆ.

—ಕುತ್ತಿಗೆಗೆ ಹಾಕ್ತಾರಲ್ಲ, ಆ ಹ್ಯಾನ್ಸ್, ಅದೂ ಬೇಕೇ ಬೇಕಾ? ನಮ್ಮ ಮಟ್ಟದ ವೇಗಕ್ಕೆ?

—ಇದನ್ನ ಕೂತು ಕೇಳು. 1981ರಲ್ಲಿ ಪ್ಯಾಟ್ರಿಕ್ ಜಾಕ್‌ಮಾರ್ ಅನ್ನೋ ಡ್ರೈವರ್ ಓಹಾಯೊದ ಮಿಡ್-ಓಹಾಯೊ ಟ್ರ್ಯಾಕಿನಲ್ಲಿ ಗಾಡಿ ಪರೀಕ್ಷೆ ಮಾಡುವಾಗ ತೀರಿಕೊಂಡ. ಬೆಲ್ಟು ಮೈಯನ್ನ ಹಿಡಿದು ನಿಲ್ಲಿಸುತ್ತೆ, ತಲೆಯನ್ನ ಯಾರೂ ಹಿಡಿದಿರಲ್ಲ. ಹೆಲ್ಮೆಟ್ಟಿನ ಭಾರ ಸೇರಿ ತಲೆ ಮುಂದಕ್ಕೆ ಎಸೆದ ಹಾಗೆ ಹೋಗುತ್ತೆ, ತಲೆಬುರುಡೆಯ ಬುಡ ಮುರಿಯುತ್ತೆ. ಅವನ ಗೆಳೆಯ ಜಿಮ್ ಡೌನಿಂಗ್, ಅವನೂ ರೇಸ್ ಡ್ರೈವರ್, ಮಾಜ್ದಾ ಗಾಡಿಗಳನ್ನೇ ಓಡಿಸುತ್ತಿದ್ದವನು. ಡೌನಿಂಗನ ಭಾವಮೈದುನ ರಾಬರ್ಟ್ ಹಬರ್ಡ್, ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಯೋಮೆಕ್ಯಾನಿಕ್ಸ್ ಪ್ರೊಫೆಸರ್. ಇಬ್ಬರೂ ಸೇರಿ ಭುಜದ ಮೇಲೆ ಕೂರುವ ಒಂದು ಕೊರಳಪಟ್ಟಿ ಮಾಡಿದರು. ಬೆಲ್ಟು ಅದನ್ನ ಎದೆಗೆ ಒತ್ತಿ ಹಿಡಿಯುತ್ತೆ, ಅದರಿಂದ ಹೆಲ್ಮೆಟ್ಟಿಗೆ ಎರಡು ದಾರ. ಮೈ ನಿಂತಾಗ ತಲೆಯೂ ನಿಲ್ಲುತ್ತೆ. ಇಷ್ಟು ಸರಳ. ಆದರೂ ವರ್ಷಗಟ್ಟಲೆ ಬಹಳ ಜನ ಹಾಕಲಿಲ್ಲ, ಕಿರಿಕಿರಿ ಅಂದರು. 2001ರ ಫೆಬ್ರವರಿ 18ರಂದು ಡೇಟೋನಾದಲ್ಲಿ ಡೇಲ್ ಅರ್ನ್‌ಹಾರ್ಟ್ ಕೊನೆಯ ಸುತ್ತಿನಲ್ಲಿ ಗೋಡೆಗೆ ಹೊಡೆದು ಸತ್ತ. ಅದೇ ಏಟು, ತಲೆಬುರುಡೆಯ ಬುಡ. ಆ ವರ್ಷ ಮುಗಿಯೋದರೊಳಗೆ ನ್ಯಾಸ್ಕಾರ್ ಇಂಥದ್ದನ್ನ ಕಡ್ಡಾಯ ಮಾಡಿತು. ಅಷ್ಟು ಹೊತ್ತಿಗೆ ಇಪ್ಪತ್ತು ವರ್ಷ ಕಳೆದಿತ್ತು. ನಮ್ಮ ವೇಗಕ್ಕೆ ಬೇಕಾ ಅಂತ ಕೇಳಿದೆಯಲ್ಲ, ಗೋಡೆಗೆ ಹವ್ಯಾಸಿ, ವೃತ್ತಿಪರ ಅನ್ನೋ ಭೇದ ಗೊತ್ತಿಲ್ಲ.

—ಅರ್ಥವಾಯಿತು. ಅದನ್ನೇ ಮೊದಲು ಕೊಳ್ತೀನಿ.

—ಇನ್ನು ಮುಂದಿನ ಹಬ್. ಇವು ಊರಲ್ಲಿ ವರ್ಷಗಟ್ಟಲೆ ಬಾಳುತ್ತವೆ, ರೇಸಿನಲ್ಲಿ ಬಾಳಲ್ಲ. ಜಿಗುಟು ಟೈರು ತಿರುವಿನಲ್ಲಿ ಹಾಕೋ ಹೊರೆಗೆ ಬೇರಿಂಗ್ ಸಡಿಲಾಗುತ್ತೆ, ಕೆಲವು ಸಲ ಹಬ್ಬೇ ಬಿರುಕು ಬಿಡುತ್ತೆ. ಬಿಟ್ಟರೆ ಚಕ್ರ ಗಾಡಿಗಿಂತ ಮುಂದೆ ಹೋಗುತ್ತೆ. ಪ್ರತಿ ರೇಸಿಗೆ ಮೊದಲು ಗಾಡಿ ಎತ್ತಿ, ಚಕ್ರದ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ ನೋಡು. ಸ್ವಲ್ಪ ಟಕ್ ಅಂದರೂ ಬದಲಾಯಿಸು. ಆಮೇಲೆ ಈ ಪೇಂಟ್ ಪೆನ್ ಹಿಡಿ.

—ಹಳದಿ ಬಣ್ಣ. ಯಾತಕ್ಕೆ?

—ಸಸ್ಪೆನ್ಷನ್, ಬ್ರೇಕ್, ಸ್ಟೀರಿಂಗ್, ಎಣ್ಣೆ, ಎಲ್ಲ ಬೋಲ್ಟನ್ನೂ ಟಾರ್ಕ್ ರೆಂಚಲ್ಲಿ ಬಿಗಿದ ಕೂಡಲೇ ಬೋಲ್ಟಿನ ತಲೆ ಮೇಲಿಂದ ಪಕ್ಕದ ಲೋಹದವರೆಗೆ ಒಂದು ಗೆರೆ ಎಳಿ. ಒಂದೇ ಗೆರೆ, ಎರಡನ್ನೂ ದಾಟಬೇಕು. ನಾಳೆ ಬೋಲ್ಟು ಸಡಿಲಾಗಿ ತಿರುಗಿದರೆ ಗೆರೆ ತುಂಡಾಗಿ ಕಾಣುತ್ತೆ. ರೆಂಚ್ ಬೇಡ, ಟಾರ್ಚ್ ಸಾಕು. ಬಿಗಿಯುವ ಮೊದಲು ಎಳೀಬೇಡ, ಎಲ್ಲ ಮುಗಿಸಿ ಒಟ್ಟಿಗೆ ಎಳೆದರಾಯ್ತು ಅಂತಲೂ ಬೇಡ. ಒಂದು ಬಿಗಿ, ಒಂದು ಗೆರೆ. ನಡುವೆ ಫೋನ್ ಬಂದರೆ ಎತ್ತಬೇಡ.

—ಅಷ್ಟು ಕಟ್ಟುನಿಟ್ಟಾ?

—ನಾನು ರೇಸಿಗೆ ಇಳಿಯೋಕೆ ಮೊದಲು ಒಂದು ವರ್ಷ ಫ್ಲ್ಯಾಗ್ ಸ್ಟೇಷನ್‌ನಲ್ಲಿ ನಿಂತಿದ್ದೆ. ಇಲ್ಲಿಯ ಕ್ಲಬ್ ರೇಸುಗಳಲ್ಲಿ ಬಾವುಟ ಹಿಡಿಯೋರು ಹೆಚ್ಚಿನವರು ಸ್ವಯಂಸೇವಕರು. ಬೆಳಗ್ಗೆ ಏಳಕ್ಕೆ ಬಂದು ಸಂಜೆವರೆಗೂ ತಿರುವಿನ ಪಕ್ಕದಲ್ಲಿ ಬಿಸಿಲಲ್ಲಿ ನಿಲ್ತಾರೆ. ಒಂದು ಮಧ್ಯಾಹ್ನ ಒಂದು ಗಾಡಿ ನಮ್ಮ ಮುಂದೆ ಹೋಯ್ತು, ಹಿಂದೆ ರಸ್ತೆ ಮೇಲೆ ಕಪ್ಪು ನೂಲಿನ ಹಾಗೆ ಏನೋ ಕಂಡಿತು. ಎಣ್ಣೆ. ಜಾರುತ್ತೆ ಅಂತ ಹೇಳೋಕೆ ಹಳದಿ ಕೆಂಪು ಪಟ್ಟೆಯ ಬಾವುಟ ಇದೆ. ಜೊತೆಯವರು ಅದನ್ನ ಎತ್ತಿದರು, ನಾನು ಹೆಡ್‌ಸೆಟ್ಟಲ್ಲಿ ಹೇಳುತ್ತಲೇ ಇದ್ದೆ. ಅಷ್ಟರಲ್ಲಿ ಹಿಂದೆ ಬರ್ತಿದ್ದ ನೀಲಿ ಮಿಯಾಟಾ ಆ ನೂಲಿನ ಮೇಲೆ ಚಕ್ರ ಇಟ್ಟಿತ್ತು. ಅದನ್ನ ಓಡಿಸುತ್ತಿದ್ದವಳು ಏನೂ ತಪ್ಪು ಮಾಡಿರಲಿಲ್ಲ. ಸರಿಯಾದ ದಾರಿಯಲ್ಲೇ ಬಂದಳು, ಸರಿಯಾದ ಜಾಗದಲ್ಲೇ ತಿರುಗಿಸಿದಳು. ಗಾಡಿ ತಿರುಗಲೇ ಇಲ್ಲ. ಪಕ್ಕೆ ಕೊಟ್ಟು ಟೈರಿನ ಗೋಡೆಗೆ ಹೋಯ್ತು.

—ಅವರಿಗೆ…?

—ನಡೆದುಕೊಂಡು ಹೊರಗೆ ಬಂದಳು. ಗ್ಲೌಸ್ ಬಿಚ್ಚೋಕೆ ಹೋದರೆ ಕೈ ನಡುಗ್ತಿತ್ತು, ನಾನು ಬಿಚ್ಚಿಕೊಟ್ಟೆ. ಪಂಜರ, ಬೆಲ್ಟು, ಕೊರಳಪಟ್ಟಿ ಎಲ್ಲ ತಮ್ಮ ಕೆಲಸ ಮಾಡಿದ್ದವು. ಗಾಡಿ ಮಾತ್ರ ಮತ್ತೆ ಎದ್ದೇಳುವ ಹಾಗಿರಲಿಲ್ಲ. ಎರಡು ವರ್ಷ ಗಂಡ ಹೆಂಡತಿ ಇಬ್ಬರೂ ಸೇರಿ ಕಟ್ಟಿದ್ದರಂತೆ. ಆ ಇನ್ನೊಂದು ಗಾಡಿಯ ಎಣ್ಣೆ ಡ್ರೈನ್ ಬೋಲ್ಟನ್ನ ಹಿಂದಿನ ರಾತ್ರಿ ಕೈಯಲ್ಲಿ ತಿರುಗಿಸಿ ಕೂರಿಸಿದ್ದಾರೆ, ಯಾರೋ ಕರೆದಿದ್ದಾರೆ, ರೆಂಚ್ ಹಾಕೋದು ಮರೆತುಹೋಗಿದೆ. ಸಂಜೆ ಅದರ ಡ್ರೈವರ್ ಬಂದು ಆ ನೀಲಿ ಗಾಡಿಯ ಮುಂದೆ ನಿಂತಿದ್ದ. ಒಂದು ಮಾತೂ ಆಡಲಿಲ್ಲ. ಅವಳೇ ಒಂದು ಕುರ್ಚಿ ತಂದು ಅವನನ್ನ ಕೂರಿಸಿದಳು.

—…

—ಪಂಜರ, ಬೆಲ್ಟು, ಹೆಲ್ಮೆಟ್ಟು ನಿನಗೋಸ್ಕರ. ಈ ಹಳದಿ ಗೆರೆ, ಕ್ಯಾಮ್ ಸೆನ್ಸರಿನ ಉಂಗುರ, ಇವು ನಿನ್ನ ಹಿಂದೆ ಬರೋರಿಗೋಸ್ಕರ. ನಾನು ಅವರ ಹೆಸರು ಕೇಳಿರಲ್ಲ, ಅವರು ನನ್ನ ಗಾಡಿಯ ಕೆಳಗೆ ಮಲಗಿ ನೋಡಿರಲ್ಲ. ಆದರೂ ನನ್ನ ಬಂಪರಿನಿಂದ ಎರಡು ಮಾರು ದೂರದಲ್ಲಿ, ನೂರು ಮೈಲಿ ವೇಗದಲ್ಲಿ ಬರ್ತಾ ಇರ್ತಾರೆ. ನನ್ನನ್ನ ನಂಬಿ.

—ಮನೆ ಮುಂದೆ ಹನಿ ಬೀಳಲ್ಲ ಅಂದೆನಲ್ಲ ಸಾರ್, ಆ ಉಂಗುರ ಇವತ್ತೇ ತರಿಸ್ತೀನಿ.

—ನನ್ನ ಡಬ್ಬಿಯಲ್ಲಿ ನಾಲ್ಕಿವೆ. ತಗೋ.

—ಒಂದು ಕೇಳಲಾ? ತೂಕದ ಯಂತ್ರದ ಮೇಲೆ ನಿಲ್ಲಿಸಿ ನಾಲ್ಕು ಚಕ್ರದ ಭಾರ ಸರಿ ಮಾಡ್ತಾರಲ್ಲ, ಕ್ಯಾಂಬರ್, ಟೋ, ಅದೆಲ್ಲ ಯಾವಾಗ?

—ಎಲ್ಲ ಮುಗಿದ ಮೇಲೆ, ನೀನು ಸೂಟು ಹೆಲ್ಮೆಟ್ಟು ಹಾಕಿ ಒಳಗೆ ಕೂತು. ಎದುರಾಬದುರು ಮೂಲೆಗಳ ಭಾರ ಕೂಡಿದರೆ ಒಟ್ಟು ತೂಕದ ಅರ್ಧ ಬರಬೇಕು, ಅಷ್ಟೇ ಗುರಿ. ಕ್ಯಾಂಬರ್ ಮುಂದೆ ಮೂರು ಡಿಗ್ರಿ ಒಳಕ್ಕೆ ಇಟ್ಟು ಶುರುಮಾಡೋಣ, ಟೈರಿನ ಬಿಸಿ ಅಳೆದು ಆಮೇಲೆ ತಿದ್ದೋಣ. ಅರ್ಧ ದಿನದ ಕೆಲಸ. ಜನ ಅದರ ಬಗ್ಗೆಯೇ ಜಾಸ್ತಿ ಮಾತಾಡ್ತಾರೆ, ಗೆಲ್ಲೋರ ಮಾತದು. ಮೊದಲ ವರ್ಷ ನೀನು ಪ್ರತಿ ರೇಸನ್ನೂ ಪೂರ್ತಿ ಮುಗಿಸು, ನನಗೆ ಅಷ್ಟು ಸಾಕು.

—ಗಾಡಿ ಸಿದ್ಧ ಆಗೋಕೆ ಎಷ್ಟು ದಿನ ಬೇಕು?

—ವಾರಕ್ಕೆ ಮೂರು ಸಂಜೆ, ಶನಿವಾರ ಪೂರ್ತಿ ಕೊಟ್ಟರೆ ಮುಂದಿನ ವಸಂತಕ್ಕೆ ನಿನ್ನ ಡ್ರೈವರ್ ಸ್ಕೂಲಿಗೆ ತಗೊಂಡು ಹೋಗಬಹುದು.

—ಅಲ್ಲಿವರೆಗೆ ನಾನೂ ಆ ಫ್ಲ್ಯಾಗ್ ಸ್ಟೇಷನ್‌ನಲ್ಲಿ ನಿಲ್ಲಬಹುದಾ? ಒಂದೆರಡು ವಾರಾಂತ್ಯ?

—ನಿಲ್ಲಬಹುದು. ಅವರಿಗೆ ಯಾವಾಗಲೂ ಜನ ಬೇಕು. ಮುಂದಿನ ತಿಂಗಳು ನಾನು ಹೋಗ್ತಿದ್ದೀನಿ, ನನ್ನ ಜೊತೆಗೇ ಬಾ. ಬೆಳಗ್ಗೆ ನಾಲ್ಕಕ್ಕೆ ಹೊರಡಬೇಕು. ಬಿಳಿ ಬಟ್ಟೆ, ಹತ್ತಿಯದು, ಉದ್ದ ತೋಳಿನದು. ಕೆಂಪು, ಹಳದಿ ಯಾವುದೂ ಬೇಡ, ದೂರದಿಂದ ಬರೋರು ಬಾವುಟ ಅಂದುಕೊಂಡುಬಿಡ್ತಾರೆ.

—ಊಟ?

—ನಿಮ್ಮ ಮನೆಯಿಂದ ಪುಳಿಯೋಗರೆ ತಾ, ಬಿಸಿಲಲ್ಲಿ ಕೆಡಲ್ಲ. ಸ್ವಲ್ಪ ಹೆಚ್ಚಿಗೆ ತಾ, ಪಕ್ಕದ ಸ್ಟೇಷನ್ನಿನವರೂ ಕೇಳ್ತಾರೆ. ಈಗ ಪೆಡಲ್ ತುಳಿ. ನಿಧಾನ. ಹಿಡಿದುಕೊಂಡಿರು, ನಾನು ಬಿಡು ಅನ್ನೋವರೆಗೂ ಬಿಡಬೇಡ.